ಮನನೋಯಿಸುವ ಜಾಹೀರಾತು: ದೂರುವುದು ಸರಿಯೇ? – ಒಂದು ಪಾಠದ ಅನುಭವ

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಗ್ರಾಹಕ ಶಿಕ್ಷಣ ಮತ್ತು ರಕ್ಷಣೆಯ ಅಧ್ಯಾಯವಿದೆ. ಈ ವರ್ಷದ ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಅದೇ. ಶಾಲೆ ತಾಲ್ಲೂಕು ಕೇಂದ್ರದ ಸರಕಾರಿ ಪ್ರೌಢಶಾಲೆ, ತರಗತಿಯಲ್ಲಿ 42 ಮಕ್ಕಳು, ಅವಧಿ 40 ನಿಮಿಷ. ಪಾಠಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಉದ್ದೇಶ ಸರಳವಾಗಿತ್ತು: ದಾರಿ ತಪ್ಪಿಸುವ ಜಾಹೀರಾತನ್ನು ಮಕ್ಕಳು ಗುರುತಿಸಬೇಕು, ಅದರ ವಿರುದ್ಧ ಎಲ್ಲಿ ದೂರು ಕೊಡಬೇಕೆಂದು ಹೇಳಬೇಕು.

ಪಾಠ ಯೋಜನೆಯಂತೆ ಸಾಗುತ್ತಿತ್ತು. ಎತ್ತರ ಹೆಚ್ಚಿಸುವ ಪುಡಿ, ವಾರದಲ್ಲಿ ಇಂಗ್ಲಿಷ್ ಕಲಿಸುವ ತರಬೇತಿ, ಹೀಗೆ ಮಕ್ಕಳೇ ಉದಾಹರಣೆ ಕೊಟ್ಟರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಅದರಡಿ 2020ರಲ್ಲಿ ಬಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಸುಳ್ಳು ಜಾಹೀರಾತಿಗೆ ಅದು 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದೆಂಬ ವಿವರ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆ, ಇವೆಲ್ಲ ಕಪ್ಪುಹಲಗೆಯ ಮೇಲೆ ಬಂದವು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಮಿಸ್, ಜಾಹೀರಾತಿನಲ್ಲಿ ಸುಳ್ಳೇನೂ ಇಲ್ಲ, ಬರೀ ಅವಮಾನ ಇದೆ. ಆಗ ದೂರು ಕೊಡಬಹುದಾ?”

ಪ್ರಶ್ನೆ ನನ್ನ ಯೋಜನೆಯಲ್ಲಿ ಇರಲಿಲ್ಲ. ಆದರೆ ಅದು ಒಳ್ಳೆಯ ಪ್ರಶ್ನೆ ಎಂದು ಗೊತ್ತಾಯಿತು. ಮರುದಿನದ ಅವಧಿಯನ್ನು ಅದಕ್ಕೇ ಇಡುತ್ತೇನೆಂದು ಹೇಳಿದೆ. ಆ ಮರುದಿನ ನಾನು ಮಾಡಿದ ತಪ್ಪು, ಅದನ್ನು ತಿದ್ದಿಕೊಂಡ ರೀತಿ, ಇವೆರಡನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಕೈ ಎಣಿಸಿದ ಪಾಠ

ಮೂರು ಜಾಹೀರಾತುಗಳ ವಿವರವನ್ನು ಚಾರ್ಟಿನಲ್ಲಿ ಬರೆದುಕೊಂಡು ಹೋಗಿದ್ದೆ.

ಮೊದಲನೆಯದು ಮುಖ ಬೆಳ್ಳಗಾಗಿಸುವ ಕ್ರೀಮು. ಕಪ್ಪಗಿರುವ ಹುಡುಗಿಗೆ ಕೆಲಸವಿಲ್ಲ, ಮದುವೆಯಿಲ್ಲ. ಕ್ರೀಮು ಹಚ್ಚಿದ ಮೇಲೆ ಎರಡೂ ಉಂಟು. ಇಂಥ ಕಥೆ ಹೇಳುವ ಜಾಹೀರಾತುಗಳು ದಶಕಗಳ ಕಾಲ ನಮ್ಮ ಟಿವಿಯಲ್ಲಿ ಬಂದಿವೆ.

ಎರಡನೆಯದು 2020ರ ಅಕ್ಟೋಬರಿನಲ್ಲಿ ಬಂದ ತನಿಷ್ಕ್ ಆಭರಣದ ಜಾಹೀರಾತು. ಮುಸ್ಲಿಂ ಕುಟುಂಬವೊಂದು ತನ್ನ ಹಿಂದೂ ಸೊಸೆಗೆ ಸೀಮಂತ ಮಾಡುವ ದೃಶ್ಯ ಅದರಲ್ಲಿತ್ತು. ಸಾಮಾಜಿಕ ಜಾಲತಾಣಗಳಲ್ಲಿ ಬಹಿಷ್ಕಾರದ ಕರೆ ಎದ್ದಿತು. ಭಾವನೆಗಳಿಗೆ ಆದ ನೋವನ್ನೂ ತನ್ನ ಅಂಗಡಿಗಳ ಸಿಬ್ಬಂದಿಯ ಕ್ಷೇಮವನ್ನೂ ಕಾರಣವಾಗಿ ಕೊಟ್ಟು ಕಂಪನಿ ಜಾಹೀರಾತನ್ನು ಹಿಂತೆಗೆದುಕೊಂಡಿತು. ಈ ಬ್ರಾಂಡಿನ ಒಡೆಯ ಸಂಸ್ಥೆಯಾದ ಟೈಟನ್‌ನ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ ಎಂದಾಗ ಮಕ್ಕಳಿಗೆ ಆಸಕ್ತಿ ಹೆಚ್ಚಿತು.

ಮೂರನೆಯದು 2020ರ ಮೇ ತಿಂಗಳಿನದು, ಕೆಂಟ್ ಕಂಪನಿಯ ಹಿಟ್ಟು ಕಲಸುವ ಯಂತ್ರದ ಪ್ರಚಾರ. ಕೊರೊನಾ ಕಾಲ. ಮನೆಗೆಲಸದಾಕೆಯ ಕೈಗೆ ಸೋಂಕು ಇರಬಹುದು, ಹಿಟ್ಟು ಕಲಸಲು ಅವಳನ್ನು ಬಿಡುತ್ತೀರಾ ಎಂಬ ಅರ್ಥದ ಮಾತು ಅದರಲ್ಲಿತ್ತು. ಟೀಕೆ ಬಂದ ಕೂಡಲೇ ಕಂಪನಿ ಅದನ್ನು ತೆಗೆದು ಕ್ಷಮೆ ಕೇಳಿತು.

ಪ್ರತಿಯೊಂದನ್ನೂ ವಿವರಿಸಿ, “ಇದು ಮನನೋಯಿಸುತ್ತದೆ ಎನ್ನುವವರು ಕೈ ಎತ್ತಿ” ಎಂದೆ. ಕ್ರೀಮಿಗೆ 19 ಕೈ, ಆಭರಣಕ್ಕೆ 11, ಹಿಟ್ಟಿನ ಯಂತ್ರಕ್ಕೆ 2. ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದೆ. ಮಕ್ಕಳು ಉತ್ಸಾಹದಿಂದ ಭಾಗವಹಿಸಿದ್ದರು, ಸಮಯವೂ ಸರಿಯಾಗಿ ಮುಗಿಯುತ್ತಿತ್ತು. “ನೋಡಿ, ಮೂರನೆಯದರಿಂದ ಹೆಚ್ಚಿನವರಿಗೆ ನೋವಾಗಿಲ್ಲ. ಹಾಗಾದರೆ ಆ ದೂರು ಸ್ವಲ್ಪ ಅತಿಯಾಯಿತು ಎನ್ನಬಹುದು” ಎಂದು ಪಾಠ ಮುಗಿಸಿದೆ. ಈ ಮೂರರಲ್ಲಿ ಯಾವುದಾದರೂ ಒಂದರ ಬಗ್ಗೆ ಐದು ವಾಕ್ಯ ಬರೆದು ತರಲು ಹೇಳಿದೆ.

ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ಹಲಗೆಯ ಬಳಕೆ, ಧ್ವನಿ, ಸಮಯ ಪಾಲನೆ ಎಲ್ಲಕ್ಕೂ ‘ಉತ್ತಮ’ ಎಂದು ಬರೆದಿದ್ದರು. ಕೊನೆಯಲ್ಲಿ ಒಂದೇ ಸಾಲು: “ಕೈ ಎತ್ತದವರು ಏಕೆ ಎತ್ತಲಿಲ್ಲ ಎಂದು ಯೋಚಿಸಿದಿರಾ?”

ಉತ್ತರ ಮರುದಿನ ಒಂದು ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಹುಡುಗಿಯೊಬ್ಬಳು ಐದು ವಾಕ್ಯದ ಬದಲು ಮೂರು ಬರೆದಿದ್ದಳು. ಅವಳ ಒಪ್ಪಿಗೆ ಪಡೆದು, ಗುರುತು ಬಿಡದೆ ಇಲ್ಲಿ ಕೊಡುತ್ತಿದ್ದೇನೆ: “ನಮ್ಮಮ್ಮ ಎರಡು ಮನೆಗಳಲ್ಲಿ ಚಪಾತಿ ಮಾಡುತ್ತಾರೆ. ಲಾಕ್‌ಡೌನ್ ಮುಗಿದ ಮೇಲೂ ಒಂದು ಮನೆಯವರು ಅವರನ್ನು ಗೇಟಿನ ಹೊರಗೆ ನಿಲ್ಲಿಸಿ ಸಂಬಳ ಕೊಟ್ಟು ಕಳಿಸಿದರು. ನಾನು ನಿನ್ನೆ ಕೈ ಎತ್ತಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.”

ಆ ನೋಟ್‌ಬುಕ್ಕಿಗೆ ಸಹಿ ಹಾಕಲು ನನಗೆ ಕೈ ಬರಲಿಲ್ಲ. ಅವಳ ಅಮ್ಮನ ಕೈಯನ್ನು ಹೀಗಳೆದ ಮಾತನ್ನು ನಾನು ತರಗತಿಯಲ್ಲಿ ಓದಿ ಹೇಳಿದ್ದೆ. ಆಮೇಲೆ ಮತ ಎಣಿಸಿ, ಅದರ ಮೇಲಿನ ದೂರು ಅತಿಯಾಯಿತೆಂದು ತೀರ್ಪನ್ನೂ ಕೊಟ್ಟಿದ್ದೆ.

ಎಣಿಕೆ ಏಕೆ ಸಾಲದು

ಮತ್ತೊಂದು ಅವಧಿ ಬೇಕೆಂದು ಕೇಳಿದೆ. ಮಾರ್ಗದರ್ಶಕರು ಒಪ್ಪಿದರು. “ಸಂಖ್ಯೆ ಏಕೆ ಸಾಲದು ಎಂದು ಮೊದಲು ನೀವು ತಿಳಿದುಕೊಳ್ಳಿ, ಆಮೇಲೆ ಮಕ್ಕಳಿಗೆ ಹೇಳಿ” ಎಂದರು.

ಇದಕ್ಕೆ ಸ್ಪಷ್ಟ ನಿದರ್ಶನ ಸಿಕ್ಕಿದ್ದು ಬ್ರಿಟನ್ನಿನಲ್ಲಿ. ಅಲ್ಲಿ ಜಾಹೀರಾತು ಮಾನದಂಡ ಪ್ರಾಧಿಕಾರ 1962ರಿಂದ ಸಾರ್ವಜನಿಕರ ದೂರುಗಳನ್ನು ಪರಿಶೀಲಿಸುತ್ತಿದೆ. 2005ರಲ್ಲಿ ಕೆಎಫ್‌ಸಿಯ ಜಾಹೀರಾತೊಂದರಲ್ಲಿ ಕಾಲ್ ಸೆಂಟರಿನ ಹೆಂಗಸರು ಬಾಯಿತುಂಬ ಆಹಾರ ಇಟ್ಟುಕೊಂಡು ಹಾಡುತ್ತಿದ್ದರು. ಮಕ್ಕಳು ಕೆಟ್ಟ ಅಭ್ಯಾಸ ಕಲಿಯುತ್ತಾರೆಂದು 1,671 ದೂರು ಬಂದವು. ಪ್ರಾಧಿಕಾರ ದೂರನ್ನು ಎತ್ತಿಹಿಡಿಯಲಿಲ್ಲ. ಊಟದ ನಡವಳಿಕೆ ಮನೆಯಲ್ಲಿ ದಿನವೂ ಕಲಿಸುವ ವಿಷಯ, ಒಂದು ಜಾಹೀರಾತಿನಿಂದ ಅದು ಕೆಡುವುದಿಲ್ಲ ಎಂಬುದು ಅದರ ನಿಲುವು. 2014ರಲ್ಲಿ ಬಾಜಿ ಕಟ್ಟಿಸುವ ಪ್ಯಾಡಿ ಪವರ್ ಎಂಬ ಕಂಪನಿ, ಓಟಗಾರ ಆಸ್ಕರ್ ಪಿಸ್ಟೋರಿಯಸ್‌ನ ಕೊಲೆ ಮೊಕದ್ದಮೆಯ ತೀರ್ಪಿನ ಮೇಲೆಯೇ ಬಾಜಿ ಕರೆದು ಜಾಹೀರಾತು ಕೊಟ್ಟಿತು. 5,525 ದೂರು ಬಂದವು, ಅವು ಎತ್ತಿಹಿಡಿಯಲ್ಪಟ್ಟವು. ಒಬ್ಬ ಹೆಣ್ಣುಮಗಳ ಸಾವನ್ನೂ ಒಬ್ಬನ ಅಂಗವೈಕಲ್ಯವನ್ನೂ ಹಗುರ ಮಾಡಿದ್ದು ಅಲ್ಲಿನ ತಪ್ಪು. ಎರಡೂ ಕಡೆ ದೂರುಗಳು ಸಾವಿರಗಟ್ಟಲೆ, ತೀರ್ಪು ಮಾತ್ರ ಬೇರೆ ಬೇರೆ. ಹಾಗಾದರೆ ತೂಗಿದ್ದು ತಲೆಗಳನ್ನಲ್ಲ, ಕಾರಣಗಳನ್ನು.

ನಮ್ಮ ದೇಶದಲ್ಲಿ ಈ ಕೆಲಸ ಮಾಡುವುದು 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿ. ಇದು ಸರಕಾರದ ಇಲಾಖೆಯಲ್ಲ. ಉದ್ಯಮವೇ ಕಟ್ಟಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆ. ಅದರ ದೂರು ಸಮಿತಿಯಲ್ಲಿ ಜಾಹೀರಾತು ಕ್ಷೇತ್ರದ ಹೊರಗಿನವರೂ ಇರುತ್ತಾರೆ. ಜಾಹೀರಾತು ಸತ್ಯವಾಗಿರಬೇಕು, ಸಭ್ಯತೆ ಮೀರಬಾರದು, ಹಾನಿಗೆ ಪ್ರಚೋದಿಸಬಾರದು, ಪ್ರತಿಸ್ಪರ್ಧಿಗಳ ಜೊತೆ ನ್ಯಾಯವಾಗಿ ನಡೆದುಕೊಳ್ಳಬೇಕು ಎಂಬ ನಾಲ್ಕು ತತ್ವಗಳ ಮೇಲೆ ಅದರ ಸಂಹಿತೆ ನಿಂತಿದೆ. ಯಾವ ನಾಗರಿಕನೂ ಖರ್ಚಿಲ್ಲದೆ ದೂರು ಕೊಡಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಆದರೆ ಕೇಬಲ್ ಟಿವಿ ಜಾಲಗಳ ನಿಯಮಗಳಲ್ಲಿ ಅದರ ಸಂಹಿತೆಯನ್ನು ಸೇರಿಸಿರುವುದರಿಂದ ಟಿವಿ ಜಾಹೀರಾತುಗಳ ಮಟ್ಟಿಗೆ ಅದಕ್ಕೆ ಕಾನೂನಿನ ಬಲವೂ ಬಂದಿದೆ. ಇದಲ್ಲದೆ ಮಹಿಳೆಯರ ಅಸಭ್ಯ ನಿರೂಪಣೆಯನ್ನು ತಡೆಯುವ 1986ರ ಕಾಯ್ದೆಯೂ ಇದೆ.

ಇನ್ನೊಂದು ಕಡೆಯೂ ಇದೆ. ಜಾಹೀರಾತೂ ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರ ಟಾಟಾ ಪ್ರೆಸ್ ಮೊಕದ್ದಮೆಯಲ್ಲಿ ಹೇಳಿದೆ. 19(2)ನೇ ವಿಧಿ ಆ ಸ್ವಾತಂತ್ರ್ಯಕ್ಕೆ ಸಭ್ಯತೆ, ನೈತಿಕತೆ ಮೊದಲಾದ ಕಾರಣಗಳಿಗಾಗಿ ಸಕಾರಣ ಮಿತಿಗಳನ್ನು ಹಾಕಲು ಅವಕಾಶ ಕೊಡುತ್ತದೆ. ಮೂಲಭೂತ ಹಕ್ಕುಗಳನ್ನು ಆಗಲೇ ಓದಿರುವ ಮಕ್ಕಳಿಗೆ ಈ ಕೊಂಡಿ ಕಷ್ಟವಾಗಲಿಲ್ಲ.

ನಾಲ್ಕು ಪ್ರಶ್ನೆಗಳ ಪಾಠ

ಈ ಸಲ ಕೈ ಎತ್ತಿಸಲಿಲ್ಲ. ಹೆಸರಿಲ್ಲದ ಚೀಟಿಗಳನ್ನು ಹಂಚಿದೆ. ತಮ್ಮನ್ನೋ ಮನೆಯವರನ್ನೋ ಕೀಳಾಗಿ ಕಂಡ ಜಾಹೀರಾತು ಯಾವುದಾದರೂ ಇದ್ದರೆ ಬರೆಯಲು, ಇಲ್ಲದಿದ್ದರೆ ಖಾಲಿ ಮಡಿಸಿ ಹಾಕಲು ಹೇಳಿದೆ. ಬಣ್ಣ, ದಪ್ಪ ಮೈ, ಹಳ್ಳಿಯ ಮಾತು, ತೊದಲು, ಅಪ್ಪನ ಕೆಲಸ, ಹೀಗೆ 17 ಚೀಟಿಗಳಲ್ಲಿ ಬರಹವಿತ್ತು. ಯಾವುದನ್ನೂ ಓದಿ ಹೇಳಲಿಲ್ಲ. ವಿಷಯಗಳನ್ನಷ್ಟೇ ಹಲಗೆಯ ಮೇಲೆ ಬರೆದೆ. ಮೊದಲ ದಿನ ನಗುತ್ತಿದ್ದ ತರಗತಿ ಆ ಪಟ್ಟಿಯನ್ನು ಮೌನವಾಗಿ ಓದಿತು.

ನಂತರ ನಾಲ್ಕು ಪ್ರಶ್ನೆಗಳನ್ನು ಕೊಟ್ಟೆ.

1. ಈ ಜಾಹೀರಾತು ಯಾರನ್ನಾದರೂ ಅವರ ಹುಟ್ಟು, ಬಣ್ಣ, ಕೆಲಸ, ಜಾತಿ, ಧರ್ಮ, ಲಿಂಗ ಅಥವಾ ಅಂಗವೈಕಲ್ಯಕ್ಕಾಗಿ ಕೀಳು ಮಾಡುತ್ತದೆಯೇ? ಅಥವಾ ನಮಗೆ ಹಿಡಿಸದ್ದನ್ನು ತೋರಿಸುತ್ತದೆ, ಅಷ್ಟೇ ಏನು?

2. ನೋವು ಯಾರದು? ಅವರಿಗೆ ಅದೇ ಜೋರಿನಲ್ಲಿ ಉತ್ತರ ಕೊಡಲು ಸಾಧ್ಯವೇ?

3. ಅದು ಎಲ್ಲಿ, ಯಾವ ಹೊತ್ತಿನಲ್ಲಿ ಕಾಣಿಸುತ್ತದೆ? ನೋಡದೆ ಬಿಡುವ ಅವಕಾಶ ಜನರಿಗೆ ಇದೆಯೇ?

4. ದೂರುವವರು ಏನು ಕೇಳುತ್ತಿದ್ದಾರೆ? ತಿದ್ದುವುದನ್ನೇ, ತೆಗೆಯುವುದನ್ನೇ ಅಥವಾ ಹೆದರಿಸುತ್ತಿದ್ದಾರೆಯೇ?

ಏಳು ಮಕ್ಕಳ ಆರು ಗುಂಪುಗಳು ಅವೇ ಮೂರು ಜಾಹೀರಾತುಗಳನ್ನು ಈ ಪ್ರಶ್ನೆಗಳ ಮುಂದಿಟ್ಟು ನೋಡಿದವು.

ಕ್ರೀಮಿನ ವಿಷಯದಲ್ಲಿ ಒಮ್ಮತ ಬೇಗ ಬಂತು. ಇಲ್ಲಿ ನಾನು ಸ್ವಲ್ಪ ಇತಿಹಾಸ ಸೇರಿಸಿದೆ. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯ ದೂರಿನ ನಂತರ 2003ರಲ್ಲಿ ಇಂಥ ಕೆಲವು ಜಾಹೀರಾತುಗಳು ತೆರೆಯಿಂದ ಇಳಿದವು. 2014ರಲ್ಲಿ ಮಾನದಂಡ ಮಂಡಳಿ, ಕಪ್ಪು ಬಣ್ಣದವರನ್ನು ದುಃಖಿಗಳೆಂದೋ ಕೆಲಸಕ್ಕೆ, ಮದುವೆಗೆ ಬಾರದವರೆಂದೋ ತೋರಿಸಕೂಡದೆಂದು ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರನ್ನೇ ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಿಸಿಕೊಂಡಿತು. ಕ್ರೀಮು ಮಾರಾಟದಲ್ಲಿದೆ, ಬಣ್ಣದ ಮೇಲಿನ ವ್ಯಾಮೋಹವೂ ಇದೆ. ಆದರೂ ಸುಮಾರು ಹದಿನೇಳು ವರ್ಷಗಳ ಈ ಪಯಣದಲ್ಲಿ ದೂರುಗಳ ಪಾಲಿದೆ ಎಂಬುದನ್ನು ಮಕ್ಕಳು ಗಮನಿಸಿದರು.

ಆಭರಣದ ಜಾಹೀರಾತಿನಲ್ಲಿ ಚರ್ಚೆ ಬಿಸಿಯಾಯಿತು. ಒಬ್ಬ ಹುಡುಗ ತನಗೆ ಅದು ಹಿಡಿಸಲಿಲ್ಲ ಎಂದು ನೇರವಾಗಿ ಹೇಳಿದ. ಅವನನ್ನು ಸುಮ್ಮನಾಗಿಸಲು ಇನ್ನಿಬ್ಬರು ಮುಂದಾದಾಗ ತಡೆದೆ. “ಮೊದಲ ಪ್ರಶ್ನೆಗೆ ನಿನ್ನ ಉತ್ತರವೇನು? ಅಲ್ಲಿ ಯಾರು ಕೀಳಾದರು?” ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಕೀಳು ಯಾರೂ ಆಗಿಲ್ಲ ಮಿಸ್. ಸೊಸೆಯನ್ನು ಚೆನ್ನಾಗೇ ನೋಡ್ಕೋತಾರೆ. ಆದ್ರೂ ನನಗೆ ಇಷ್ಟ ಆಗಲಿಲ್ಲ” ಎಂದ. “ಹಾಗಾದರೆ ಏನು ಮಾಡುತ್ತೀಯ?” “ಆ ಅಂಗಡಿಗೆ ಹೋಗಲ್ಲ.” ತರಗತಿ ನಕ್ಕಿತು, ಅವನೂ ನಕ್ಕ. ನಾನು ಹೇಳಿದ್ದು ಇಷ್ಟೇ: ಅಂಗಡಿಗೆ ಹೋಗದಿರುವುದು ನಿನ್ನ ಹಕ್ಕು, ಹಿಡಿಸಲಿಲ್ಲವೆಂದು ಪತ್ರ ಬರೆಯುವುದೂ ನಿನ್ನ ಹಕ್ಕು. ಅಂಗಡಿಯ ಸಿಬ್ಬಂದಿ ಹೆದರುವಂತೆ ಮಾಡುವುದು ಯಾರ ಹಕ್ಕೂ ಅಲ್ಲ. ಆ ಜಾಹೀರಾತಿನ ಮೇಲಿನ ದೂರನ್ನು ಪರಿಶೀಲಿಸಿದ ಮಾನದಂಡ ಮಂಡಳಿ, ಅದರಲ್ಲಿ ಸಂಹಿತೆಯ ಉಲ್ಲಂಘನೆ ಇಲ್ಲ ಎಂದೇ ಹೇಳಿತ್ತು. ಹಾಗಿದ್ದರೂ ಅದು ಹಿಂದಕ್ಕೆ ಹೋಯಿತು. ನಾಲ್ಕನೇ ಪ್ರಶ್ನೆ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಹಿಟ್ಟಿನ ಯಂತ್ರದ ಸರದಿ ಬಂದಾಗ ನನಗೇ ಅಳುಕಿತ್ತು. ಆದರೆ ಎರಡನೇ ಪ್ರಶ್ನೆ ಕೆಲಸ ಮಾಡಿತು. ಒಂದು ಗುಂಪು ಬರೆದದ್ದು: “ಸೋಂಕು ಮನೆಯವರ ಕೈಯಲ್ಲೂ ಇರಬಹುದಿತ್ತು. ಕೆಲಸದವರ ಕೈ ಮಾತ್ರ ಏಕೆ? ಅವರು ಉತ್ತರ ಕೊಡಲು ಹೋದರೆ ಕೆಲಸ ಹೋಗುತ್ತದೆ.” ಮೊದಲ ದಿನ ಎರಡೇ ಕೈ ಎದ್ದ ಜಾಹೀರಾತಿನ ಮೇಲಿನ ದೂರನ್ನು ಆರೂ ಗುಂಪುಗಳು ನ್ಯಾಯವೆಂದು ಒಪ್ಪಿದವು. ಯಾರ ಮನೆಯ ಕಥೆಯನ್ನೂ ಹೇಳಬೇಕಾಗಲಿಲ್ಲ. ನೋಟ್‌ಬುಕ್ಕಿನ ಹುಡುಗಿಯ ಕಡೆ ನಾನು ಬೇಕೆಂದೇ ನೋಡಲಿಲ್ಲ. ಆಮೇಲೆ ನೋಡಿದಾಗ ಅವಳು ತನ್ನ ಗುಂಪಿನ ಉತ್ತರವನ್ನು ಚಾರ್ಟಿಗೆ ಬರೆಯುತ್ತಿದ್ದಳು.

ಮೂರನೇ ಪ್ರಶ್ನೆಗೆ ತರಗತಿಯಲ್ಲಿ ಬಸ್ ನಿಲ್ದಾಣದ ಫಲಕಗಳ ಉದಾಹರಣೆ ಕೊಟ್ಟೆ. ಪತ್ರಿಕೆಯ ಪುಟ ಮಗುಚಿದಂತೆ ಅವನ್ನು ಮಗುಚಲಾಗದು. ಓದುಗ ಶಿಕ್ಷಕರಿಗಾಗಿ ಇನ್ನೊಂದನ್ನು ಹೇಳಬಹುದು. 2017ರ ಡಿಸೆಂಬರಿನಲ್ಲಿ ಮಾಹಿತಿ ಮತ್ತು ಪ್ರಸಾರ ಸಚಿವಾಲಯ, ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ತೋರಿಸಬೇಕೆಂದು ಟಿವಿ ವಾಹಿನಿಗಳಿಗೆ ಸೂಚಿಸಿತು. ರಾಜಸ್ಥಾನ ಹೈಕೋರ್ಟ್ ಕಾರಣ ಕೇಳಿದ ಮೇಲೆ, ಅಶ್ಲೀಲವಲ್ಲದ, ಸುರಕ್ಷತೆಯ ತಿಳಿವಳಿಕೆ ಕೊಡುವ ಜಾಹೀರಾತುಗಳಿಗೆ ಈ ಸೂಚನೆ ಅನ್ವಯಿಸದು ಎಂದು ಸ್ಪಷ್ಟಪಡಿಸಿತು. ಮುಜುಗರದ ವಿಷಯ ಎಂಬ ಕಾರಣಕ್ಕೆ ಅಗತ್ಯವಾದ ತಿಳಿವಳಿಕೆಯೂ ಮರೆಯಾಗಬಾರದಲ್ಲವೇ?

“ಬೇಕಂತ ಮಾಡಿಲ್ಲ” ಎಂದರೆ?

ಕೊನೆಯ ಹತ್ತು ನಿಮಿಷದಲ್ಲಿ ಹುಡುಗಿಯೊಬ್ಬಳು ಕೇಳಿದಳು: “ಕಂಪನಿಯವರು ನಾವು ಬೇಕಂತ ಮಾಡಿಲ್ಲ ಅಂದರೆ ಬಿಡಬೇಕಾ ಮಿಸ್?” 2023ರ ಜೂನಿನ ಜೊಮ್ಯಾಟೊ ಜಾಹೀರಾತನ್ನು ಹೇಳಿದೆ. ಕಸದ ಮರುಬಳಕೆಯ ಬಗ್ಗೆ ಪರಿಸರ ದಿನಕ್ಕೆ ಮಾಡಿದ್ದು. ‘ಲಗಾನ್’ ಚಿತ್ರದ ದಲಿತ ಪಾತ್ರ ಕಚ್ರಾನನ್ನು ಅದೇ ನಟನಿಂದ ಮಾಡಿಸಿ, ದೀಪ, ಕಾಗದ ಮುಂತಾದ ವಸ್ತುಗಳಾಗಿ ಕೂರಿಸಿದ್ದರು. ಹೆಸರಿನ ಶ್ಲೇಷೆ ಮಾಡಿದವರಿಗೆ ತಮಾಷೆಯಾಗಿ ಕಂಡಿರಬೇಕು. ಆದರೆ ಒಬ್ಬ ಮನುಷ್ಯನನ್ನು ಕಸವೆಂದು ಕರೆದ ಚರಿತ್ರೆ ಗೊತ್ತಿದ್ದವರಿಗೆ ಅದು ತಮಾಷೆಯಾಗಿರಲಿಲ್ಲ. ಉದ್ದೇಶ ಅದಾಗಿರಲಿಲ್ಲ ಎಂದು ಹೇಳಿ ಕಂಪನಿ ಅದನ್ನು ತೆಗೆಯಿತು. ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗ ನೋಟಿಸು ಕೊಟ್ಟಿತು. ಮಕ್ಕಳು ತಾವೇ ಕಂಡುಕೊಂಡ ಸೂತ್ರ ಇದು: ಬೇಕೆಂದೇ ಮಾಡಲಿಲ್ಲವೆಂದರೆ ಶಿಕ್ಷೆ ಕಡಿಮೆಯಾಗಬಹುದು, ದೂರು ಸುಳ್ಳಾಗುವುದಿಲ್ಲ. ಕಾಲು ತುಳಿದವನು ನೋಡಿರಲಿಲ್ಲ ಎಂದ ಮಾತ್ರಕ್ಕೆ ಕಾಲಿನ ನೋವು ಹೋಗುವುದಿಲ್ಲ.

ಅನ್ವಯ ಮತ್ತು ಮೌಲ್ಯಮಾಪನ

ಶಾಲೆಯ ದಾರಿಯಲ್ಲಿ ಒಂದು ಟ್ಯೂಷನ್ ಕೇಂದ್ರದ ಬ್ಯಾನರ್ ಇದೆ. ತಮ್ಮಲ್ಲಿ ಸೇರದಿದ್ದರೆ ದನ ಕಾಯಬೇಕಾದೀತು ಎಂಬ ಅರ್ಥದ ಮಾತು, ಪಕ್ಕದಲ್ಲಿ ಎಮ್ಮೆಯ ಮುಂದೆ ನಿಂತ ಹುಡುಗನ ಚಿತ್ರ. ತರಗತಿಯ ಹಲವು ಮನೆಗಳು ದನ ಸಾಕಿಯೇ ಬದುಕುತ್ತಿವೆ, ಡೇರಿಗೆ ಹಾಲು ಹಾಕುತ್ತವೆ. ನಾಲ್ಕು ಪ್ರಶ್ನೆಗಳನ್ನು ಈ ಬ್ಯಾನರಿಗೆ ಹಚ್ಚಿ ದೂರು ಪತ್ರ ಬರೆಯುವುದು ಅಂತಿಮ ಚಟುವಟಿಕೆಯಾಗಿತ್ತು. ಮೌಲ್ಯಮಾಪನಕ್ಕೆ ನಾಲ್ಕು ಅಂಕ: ಜಾಹೀರಾತಿನ ನಿಖರ ವಿವರಣೆ, ಯಾರಿಗೆ ಹೇಗೆ ನೋವು ಎಂಬ ಕಾರಣ, ಎದುರು ಪಕ್ಷದ ವಾದದ ಗಮನ, ಸ್ಪಷ್ಟವಾದ ಬೇಡಿಕೆ. ತಲಾ ಒಂದು ಅಂಕ.

“ಪರೀಕ್ಷೆಯಲ್ಲಿ ದೂರು ಸರಿ ಅಂತ ಬರೀಬೇಕಾ, ತಪ್ಪು ಅಂತ ಬರೀಬೇಕಾ?” ಎಂದು ಒಬ್ಬ ಕೇಳಿದ. ಎರಡಕ್ಕೂ ಪೂರ್ಣ ಅಂಕ ಉಂಟು, ಕಾರಣ ಇಲ್ಲದಿದ್ದರೆ ಎರಡಕ್ಕೂ ಇಲ್ಲ ಎಂದೆ. ಐವರು ದೂರಿನ ಅಗತ್ಯವಿಲ್ಲವೆಂದು ಬರೆದರು. ಅವರಲ್ಲೊಬ್ಬನ ವಾದ ಹೀಗಿತ್ತು: “ನಮ್ಮಪ್ಪ ದನ ಕಾಯುತ್ತಾರೆ. ಅವರಿಗೇ ನಾನು ಓದಲಿ ಎಂದು ಆಸೆ. ಬ್ಯಾನರ್ ಹೇಳುವುದೂ ಅದನ್ನೇ.” ಅವನಿಗೆ ನಾಲ್ಕಕ್ಕೆ ನಾಲ್ಕು ಕೊಟ್ಟೆ. ಅವನ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವೂ ಇರಲಿಲ್ಲ.

ಉತ್ತಮವಾದ ಒಂದು ಪತ್ರವನ್ನು ಮಕ್ಕಳೇ ಆರಿಸಿ, ಮುಖ್ಯೋಪಾಧ್ಯಾಯರ ಅನುಮತಿಯೊಂದಿಗೆ ಆ ಕೇಂದ್ರಕ್ಕೆ ಕೊಟ್ಟು ಬಂದರು. ನನ್ನ ಬೋಧನಾಭ್ಯಾಸ ಮುಗಿಯುವವರೆಗೂ ಬ್ಯಾನರ್ ಅಲ್ಲೇ ಇತ್ತು.

ಹಿಂತಿರುಗಿ ನೋಡಿದಾಗ

ಸಾರ್ವಜನಿಕರ ದೂರುಗಳು ಸರಿಯೇ ಎಂಬ ಪ್ರಶ್ನೆಗೆ ಈಗ ನನ್ನ ಉತ್ತರ ಇದು. ದೂರುವ ಹಕ್ಕು ಎಲ್ಲರಿಗೂ ಇದೆ, ಅದರಲ್ಲಿ ಚರ್ಚೆಯಿಲ್ಲ. ದೂರು ನ್ಯಾಯವೇ ಎಂಬುದನ್ನು ಪ್ರತಿಸಲ ಪರೀಕ್ಷಿಸಲೇಬೇಕು. ಹಿಡಿಸದಿರುವುದಕ್ಕೂ ಕೀಳು ಮಾಡುವುದಕ್ಕೂ ಇರುವ ಅಂತರವೇ ಆ ಪರೀಕ್ಷೆಯ ಮುಖ್ಯ ಭಾಗ. ಗದ್ದಲ ಎಷ್ಟು ದೊಡ್ಡದೆಂಬುದರಿಂದ ನ್ಯಾಯ ತಿಳಿಯುವುದಿಲ್ಲ. ಜೋರಾಗಿ ಕೂಗಿದ ದೂರು ಸುಳ್ಳಾಗಿರಬಹುದು. ಅತ್ಯಂತ ನ್ಯಾಯವಾದ ದೂರು ಯಾರ ಬಾಯಿಂದಲೂ ಹೊರಡದೆ ಉಳಿದಿರಬಹುದು.

ಈ ಪಾಠ ಮಾಡಲಿರುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು:

– ನೋವಿನ ವಿಷಯದಲ್ಲಿ ಕೈ ಎತ್ತಿಸಬೇಡಿ. ಹೆಸರಿಲ್ಲದ ಚೀಟಿ ಬಳಸಿ, ಅದನ್ನು ಓದಿ ಹೇಳಬೇಡಿ.

– ಉದಾಹರಣೆ ಆರಿಸುವಾಗ ತರಗತಿಯ ಮನೆಗಳನ್ನು ನೆನಪಿಡಿ. ನೋಯಿಸುವ ಜಾಹೀರಾತನ್ನು ವಿವರಿಸುವುದೂ ಮತ್ತೊಮ್ಮೆ ನೋಯಿಸಬಹುದು.

– ಭಿನ್ನಾಭಿಪ್ರಾಯ ಹೇಳುವ ಮಗುವನ್ನು ತರಗತಿಯ ಬಹುಮತದಿಂದ ಕಾಪಾಡಿ. ಅವನ ಅಭಿಪ್ರಾಯ ಬದಲಿಸುವುದು ಪಾಠದ ಉದ್ದೇಶವಲ್ಲ, ಕಾರಣ ಕೇಳುವುದು ಉದ್ದೇಶ.

– ಸುಳ್ಳು ಜಾಹೀರಾತು ಬೇರೆ, ಅವಮಾನದ ಜಾಹೀರಾತು ಬೇರೆ. ಎರಡಕ್ಕೂ ದೂರಿನ ದಾರಿ ಬೇರೆ ಎಂಬುದನ್ನು ಹಲಗೆಯ ಮೇಲೆ ಎರಡು ಕಾಲಂಗಳಲ್ಲಿ ತೋರಿಸಿ.

ಕೊನೆಯ ದಿನ ಮಕ್ಕಳು ನೋಟ್‌ಬುಕ್ಕುಗಳಿಗೆ ಸಹಿ ಹಾಕಿಸಿಕೊಳ್ಳಲು ಬಂದರು. ಆ ಹುಡುಗಿಯ ನೋಟ್‌ಬುಕ್ಕಿನಲ್ಲಿ ಮೂರು ವಾಕ್ಯಗಳ ಕೆಳಗೆ ಇನ್ನೆರಡು ಸೇರಿ ಐದಾಗಿದ್ದವು. ನಾನು ಕೊಟ್ಟ ಕೆಲಸವನ್ನು ಅವಳು ಪೂರ್ತಿ ಮಾಡಿದ್ದಳು. ಆ ಎರಡು ವಾಕ್ಯಗಳು ಅವಳಿಗೆ ಸೇರಿದವು, ಇಲ್ಲಿ ಬರೆಯುವುದಿಲ್ಲ. ಈ ಸಲ ಓದಿ ಸಹಿ ಹಾಕಿದೆ.